ಮನವಿಯಿಂದ ದೂರಿನ ಕಡೆಗೆ: ನೀರು, ಅನ್ನ, ಆರೋಗ್ಯದ ಹಕ್ಕು ಮತ್ತು ನಮ್ಮ ಜಿಲ್ಲೆ



ಮೇ ತಿಂಗಳು ಬಂದಿತೆಂದರೆ ನಮ್ಮ ಜಿಲ್ಲೆಯಲ್ಲಿ ಬಿಸಿಲಿಗಿಂತ ನೀರಿನ ಭಯವೇ ಹೆಚ್ಚಾಗುತ್ತದೆ. 2022ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದ ಬಡಾವಣೆಗಳಲ್ಲಿ ನಲ್ಲಿಯ ನೀರು ಕುಡಿದವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಅವರಲ್ಲಿ ಕೆಲವರು ಮನೆಗೆ ಮರಳಲಿಲ್ಲ. ಸರಿಯಾಗಿ ಒಂದು ವರ್ಷದ ನಂತರ, 2023ರ ಮೇ ತಿಂಗಳಲ್ಲಿ, ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಅದೇ ಕಥೆ ಮರುಕಳಿಸಿತು. ಊರಿನ ಹತ್ತಾರು ಜನ ಹಾಸಿಗೆ ಹಿಡಿದರು. ಒಂದು ಎಳೆಯ ಮಗು ತೀರಿಕೊಂಡಿತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ನಾಡಿನಲ್ಲಿ ಒಂದು ಕೊಡ ಶುದ್ಧ ನೀರಿಲ್ಲದೆ ಜನ ಸಾಯುವರೆಂದರೆ ಅದು ದೈವದ ಮಾತಲ್ಲ. ಕೆಡದಂತೆ ಕಾಯಬೇಕಾದುದನ್ನು ಯಾರೋ ಕಾಯಲಿಲ್ಲ ಎಂಬುದೇ ಅದರ ಅರ್ಥ.

ಈ ಎರಡೂ ಸಂದರ್ಭಗಳಲ್ಲಿ ಸರಕಾರ ಪರಿಹಾರ ಘೋಷಿಸಿತು, ತನಿಖೆಗೆ ಆದೇಶಿಸಿತು, ಪತ್ರಿಕೆಗಳು ಬರೆದವು. ಕೆಲವು ವಾರಗಳ ನಂತರ ಮಾತು ನಿಂತಿತು. ಇಂಥ ಸಾವು, ಇಂಥ ಹಸಿವು, ಇಂಥ ಚಿಕಿತ್ಸೆಯ ಕೊರತೆ ಒದಗಿದಾಗ ಜನಸಾಮಾನ್ಯರು ಎಲ್ಲಿಗೆ ಹೋಗಬೇಕು, ಯಾವ ರೂಪದಲ್ಲಿ ಹೋಗಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಬಯಸಿದ್ದೇವೆ. ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇವೆ. ನಮ್ಮ ಜನ ಇದುವರೆಗೆ ಮನವಿ ಕೊಡುತ್ತ ಬಂದಿದ್ದಾರೆ. ಇನ್ನು ಮುಂದೆ ದೂರು ಕೊಡುವುದನ್ನು ಕಲಿಯಬೇಕು. ಮಠಗಳು ಅವರಿಗೆ ಕಲಿಸಬೇಕು.

ನಮ್ಮದೊಂದು ತಪ್ಪು

ಪರರ ಲೋಪವನ್ನು ಹೇಳುವ ಮೊದಲು ನಮ್ಮ ಲೋಪವನ್ನು ಒಪ್ಪಿಕೊಳ್ಳುವುದು ಧರ್ಮ. ಶ್ರೀಮಠದ ಕಾರ್ಯಾಲಯದಲ್ಲಿ ಮನವಿ ಪತ್ರಗಳ ಒಂದು ಕಡತವಿದೆ. ಕೊಳವೆಬಾವಿ ಕೆಟ್ಟಿದೆ, ಪಡಿತರ ಬಂದಿಲ್ಲ, ವೃದ್ಧಾಪ್ಯ ವೇತನ ನಿಂತಿದೆ, ದವಾಖಾನೆಯಲ್ಲಿ ವೈದ್ಯರಿಲ್ಲ ಎಂದು ಮಾನ್ವಿ, ದೇವದುರ್ಗಗಳ ಕಡೆಯಿಂದ ಬಂದವರು ತಂದುಕೊಟ್ಟ ಪತ್ರಗಳು ಅದರಲ್ಲಿವೆ. ಪೂಜ್ಯರ ಒಂದು ಮಾತು, ಒಂದು ಶಿಫಾರಸು ಪತ್ರ ದೊರೆತರೆ ಕೆಲಸವಾಗುವುದೆಂಬ ನಂಬಿಕೆ ಅವರದು. ಎಷ್ಟೋ ಸಲ ಆಗಿಯೂ ಇದೆ.

ಕೆಲವು ಬೇಸಿಗೆಗಳ ಹಿಂದೆ ಒಂದು ಊರಿನ ಭಕ್ತರು ಬಂದು, ಟ್ಯಾಂಕಿನ ನೀರು ವಾಸನೆ ಬರುತ್ತಿದೆ, ಪೈಪು ಚರಂಡಿಯೊಳಗಿಂದ ಬಂದಿದೆ ಎಂದರು. ನಾವು ಆ ದಿನವೇ ಎರಡು ಟ್ಯಾಂಕರ್ ನೀರು ಕಳುಹಿಸಿದೆವು. ವಾರಗಟ್ಟಲೆ ಕಳುಹಿಸಿದೆವು. ದಾಸೋಹವೆಂದು ಸಂತೋಷಪಟ್ಟೆವು. ಆದರೆ ಆ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳುಹಿಸಬೇಕೆಂದು ನಮಗೆ ತೋಚಲಿಲ್ಲ. ಒಂದು ಲಿಖಿತ ದೂರಿಗೆ ಸ್ವೀಕೃತಿ ಪಡೆಯಬೇಕೆಂದು ತೋಚಲಿಲ್ಲ. ಮುಂದಿನ ವರ್ಷ ಅದೇ ಊರಿನಿಂದ ಅದೇ ಜನ ಮತ್ತೆ ಬಂದಾಗ, ಹಿಂದಿನ ವರ್ಷದ ಬಗ್ಗೆ ಸರಕಾರಿ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. ನಮ್ಮ ಟ್ಯಾಂಕರು ಊರವರ ದಾಹವನ್ನು ತಣಿಸಿತು. ಹೊಣೆಗಾರರ ಲೋಪವನ್ನೂ ಮುಚ್ಚಿತು. ಈ ಲೇಖನವನ್ನು ಬರೆಯಲು ಅದೇ ಕಾರಣ.

ಮನವಿಗೂ ದೂರಿಗೂ ಇರುವ ಅಂತರ ಕೇವಲ ಹೆಸರಿನದಲ್ಲ. ಮನವಿ ಕೊಡುವವನು ಕೃಪೆಯನ್ನು ನಿರೀಕ್ಷಿಸುತ್ತಾನೆ. ಸ್ವೀಕರಿಸಿದವರು ಕೊಟ್ಟರೆ ಉಪಕಾರ, ಕೊಡದಿದ್ದರೆ ಪ್ರಶ್ನೆಯಿಲ್ಲ. ದೂರು ಕೊಡುವವನು ಒಂದು ನಿಯಮವನ್ನು ತೋರಿಸುತ್ತಾನೆ, ಅದು ಪಾಲನೆಯಾಗಿಲ್ಲವೆಂಬುದಕ್ಕೆ ಸಾಕ್ಷ್ಯ ಕೊಡುತ್ತಾನೆ, ಉತ್ತರವನ್ನು ಕೇಳುತ್ತಾನೆ. ಮನವಿ ಕಡತ ಸೇರಿ ಮಲಗಬಹುದು. ದೂರಿಗೆ ಸಂಖ್ಯೆ ಬೀಳುತ್ತದೆ, ದಿನಾಂಕ ಬೀಳುತ್ತದೆ.

ಹಿಂದುಳಿದವರಲ್ಲಿ ಹಿಂದುಳಿದವರು

ನಮ್ಮ ಜಿಲ್ಲೆಯ ಸ್ಥಿತಿ ಯಾರೂ ಅರಿಯದ ವಿಷಯವಲ್ಲ. ಡಾ. ಡಿ.ಎಂ. ನಂಜುಂಡಪ್ಪ ಅವರ ನೇತೃತ್ವದ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿತು. ಮಾನ್ವಿ ಆ ಪಟ್ಟಿಯಲ್ಲಿತ್ತು. ದೇವದುರ್ಗ ಇಡೀ ರಾಜ್ಯದಲ್ಲಿಯೇ ಕಟ್ಟಕಡೆಯ ಸ್ಥಾನದಲ್ಲಿತ್ತು. ಮುಂದೆ ಬಹುಕಾಲದ ಹೋರಾಟದ ಫಲವಾಗಿ ಸಂವಿಧಾನಕ್ಕೆ 371ಜೆ ವಿಧಿ ಸೇರಿತು. ಪ್ರದೇಶಾಭಿವೃದ್ಧಿ ಮಂಡಳಿ ಬಂದಿತು. ಶಿಕ್ಷಣದಲ್ಲಿ, ಉದ್ಯೋಗದಲ್ಲಿ ಮೀಸಲಾತಿ ದೊರೆಯಿತು. ನಮ್ಮ ಮಕ್ಕಳು ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುತ್ತಿರುವುದರಲ್ಲಿ ಆ ವಿಧಿಯ ಪಾತ್ರವಿದೆ. ಅದನ್ನು ಕೃತಜ್ಞತೆಯಿಂದ ನೆನೆಯುತ್ತೇವೆ.

ಆದರೆ ದೇವದುರ್ಗದ ಸುತ್ತಲಿನ ದೊಡ್ಡಿಗಳಲ್ಲಿ, ತಾಂಡಾಗಳಲ್ಲಿ, ಮಾನ್ವಿಯ ಕಾಲುವೆಯ ಕೊನೆಯಂಚಿನ ಊರುಗಳಲ್ಲಿ ಇರುವವರಿಗೆ ಹಕ್ಕು ಎಂಬುದು ಕಾಲೇಜಿನ ಸೀಟಿನಿಂದ ಆರಂಭವಾಗುವುದಿಲ್ಲ. ಅಂಗನವಾಡಿಯ ಊಟ, ಹೆರಿಗೆಯ ರಾತ್ರಿ ಬರಬೇಕಾದ ಆಂಬುಲೆನ್ಸ್, ಹೆಬ್ಬೆಟ್ಟು ಹೊಂದದೆ ನಿಂತುಹೋದ ಪಡಿತರ, ಗುಳೆ ಹೋದವರ ಮಕ್ಕಳ ಶಾಲೆ, ಇವೇ ಅವರ ಹಕ್ಕಿನ ಪ್ರಶ್ನೆಗಳು. ಪಂಡಿತರು ಇವುಗಳನ್ನು ಆರ್ಥಿಕ, ಸಾಮಾಜಿಕ ಹಕ್ಕುಗಳೆಂದು ಕರೆಯುತ್ತಾರೆ.

ಜಗತ್ತು ಈ ಹಕ್ಕುಗಳನ್ನು ಹೇಗೆ ಕೇಳಿದೆ

ಆಹಾರ, ನೀರು, ಆರೋಗ್ಯ, ವಸತಿಗಳು ಸರಕಾರದ ಯೋಜನೆಯ ವಿಷಯಗಳೇ ಹೊರತು ನ್ಯಾಯದ ವಿಷಯಗಳಲ್ಲ ಎಂಬ ವಾದ ಬಹುಕಾಲ ನಡೆಯಿತು. ಆ ವಾದಕ್ಕೆ ಬಲವಾದ ಉತ್ತರ ಬಂದದ್ದು ಶ್ರೀಮಂತ ದೇಶಗಳಿಂದಲ್ಲ, ಆಫ್ರಿಕಾ ಖಂಡದಿಂದ. ನೈಜೀರಿಯಾದ ಒಗೊನಿ ಜನರ ಹೊಲ, ಹೊಳೆಗಳು ಕಚ್ಚಾ ತೈಲದ ಗಣಿಗಾರಿಕೆಯಿಂದ ವಿಷವಾದಾಗ, 1996ರಲ್ಲಿ ಎರಡು ಸೇವಾಸಂಸ್ಥೆಗಳು ಆ ಜನರ ಪರವಾಗಿ ಆಫ್ರಿಕಾದ ಮಾನವ ಹಾಗೂ ಜನತೆಯ ಹಕ್ಕುಗಳ ಆಯೋಗಕ್ಕೆ ದೂರು ಸಲ್ಲಿಸಿದವು. 2001ರಲ್ಲಿ ಆಯೋಗವು ತೀರ್ಮಾನ ನೀಡಿ, ಜನರ ಆರೋಗ್ಯದ ಹಕ್ಕು, ಸ್ವಚ್ಛ ಪರಿಸರದ ಹಕ್ಕುಗಳನ್ನು ಸರಕಾರ ಉಲ್ಲಂಘಿಸಿದೆಯೆಂದು ಹೇಳಿತು. ಅದಕ್ಕಿಂತ ಮುಖ್ಯವಾದುದು ಇನ್ನೊಂದು ಮಾತು: ಆಫ್ರಿಕಾದ ಸನ್ನದಿನಲ್ಲಿ ಆಹಾರ ಮತ್ತು ವಸತಿಯ ಹಕ್ಕುಗಳು ಹೆಸರಿಸಿ ಬರೆದಿಲ್ಲದಿದ್ದರೂ, ಜೀವ, ಆರೋಗ್ಯ, ಆಸ್ತಿ, ಕುಟುಂಬಗಳ ಹಕ್ಕುಗಳೊಳಗೆ ಅವು ಅಡಗಿವೆ ಎಂದು ಆಯೋಗ ಕಂಡಿತು.

ಈ ಪ್ರಕರಣದಿಂದ ನಾವು ಕಲಿಯಬೇಕಾದ ಸಂಗತಿಗಳು ಎರಡು. ನೊಂದವರು ತಾವೇ ಹೋಗಲಾರದಿದ್ದರೆ ಅವರ ಪರವಾಗಿ ಸಂಸ್ಥೆಗಳು ಹೋಗಬಹುದು. ನೀರು ಕೆಟ್ಟದ್ದು, ಅನ್ನ ತಪ್ಪಿದ್ದು ಹಕ್ಕಿನ ಪ್ರಶ್ನೆಯಾಗಿ ನಿಲ್ಲಬಲ್ಲದು.

ಯುರೋಪಿನಲ್ಲಿ, ಅಮೆರಿಕ ಖಂಡಗಳಲ್ಲಿಯೂ ಹಲವು ದೇಶಗಳಿಗೆ ಸೇರಿದ ಇಂಥ ಹಕ್ಕುಗಳ ಪೀಠಗಳಿವೆ. ಏಷ್ಯಾದ ನಮಗೆ ಅಂಥದ್ದಿಲ್ಲ. ಸಾರ್ಕ್ ದೇಶಗಳು ಸೇರಿ ದೂರು ಕೇಳುವ ಒಂದು ಹಕ್ಕುಗಳ ಆಯೋಗವನ್ನು ಕಟ್ಟಿಕೊಂಡಿಲ್ಲ. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1979ರಲ್ಲಿ ಒಪ್ಪಿಕೊಂಡಿದೆ. ಆದರೆ ಆ ಒಡಂಬಡಿಕೆಯ ಅಡಿಯಲ್ಲಿ ವ್ಯಕ್ತಿಗಳು ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಲು ಅವಕಾಶ ಮಾಡಿದ, 2013ರಲ್ಲಿ ಜಾರಿಗೆ ಬಂದ ಐಚ್ಛಿಕ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆದುದರಿಂದ ದೇವದುರ್ಗದ ತಾಯಿಯೊಬ್ಬಳು ದೇಶದ ಹೊರಗಿನ ಪೀಠಕ್ಕೆ ಹೋಗುವ ದಾರಿ ಇಂದು ಇಲ್ಲ. ಅವಳಿಗಿರುವ ದಾರಿ ಬೆಂಗಳೂರಿನಲ್ಲಿರುವ ರಾಜ್ಯ ಆಯೋಗ, ದೆಹಲಿಯಲ್ಲಿರುವ ರಾಷ್ಟ್ರೀಯ ಆಯೋಗ ಮತ್ತು ನ್ಯಾಯಾಲಯಗಳು.

ನಮ್ಮ ಆಯೋಗದ ಅಧಿಕಾರ

1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮದ ಮೇರೆಗೆ ರಾಷ್ಟ್ರೀಯ ಆಯೋಗ ಸ್ಥಾಪನೆಯಾಯಿತು. ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎಸ್.ಆರ್. ನಾಯಕ್ ಅವರ ಅಧ್ಯಕ್ಷತೆಯಲ್ಲಿ 2007ರಲ್ಲಿ ಕಾರ್ಯಾರಂಭ ಮಾಡಿತು. ಮಾನವ ಹಕ್ಕು ಆಯೋಗವೆಂದರೆ ಪೊಲೀಸ್ ಠಾಣೆಯ ಹೊಡೆತ, ಲಾಕಪ್ ಸಾವುಗಳಿಗೆ ಮಾತ್ರ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಅಧಿನಿಯಮವನ್ನು ಓದಿದರೆ ಹಾಗಿಲ್ಲ. ಅದು ಮಾನವ ಹಕ್ಕೆಂದರೆ ಸಂವಿಧಾನ ಖಾತರಿಪಡಿಸಿದ ಅಥವಾ ಅಂತಾರಾಷ್ಟ್ರೀಯ ಒಡಂಬಡಿಕೆಗಳಲ್ಲಿ ಸೇರಿದ, ನಮ್ಮ ನ್ಯಾಯಾಲಯಗಳು ಜಾರಿಗೊಳಿಸಬಲ್ಲ ಜೀವ, ಸ್ವಾತಂತ್ರ್ಯ, ಸಮಾನತೆ ಮತ್ತು ಘನತೆಗೆ ಸಂಬಂಧಿಸಿದ ಹಕ್ಕು ಎನ್ನುತ್ತದೆ. ಒಡಂಬಡಿಕೆಗಳ ವ್ಯಾಖ್ಯೆಯಲ್ಲಿ ಮೇಲೆ ಹೇಳಿದ ಆರ್ಥಿಕ, ಸಾಮಾಜಿಕ ಹಕ್ಕುಗಳ ಒಡಂಬಡಿಕೆಯನ್ನೂ ಹೆಸರಿಸಿದೆ. ಹಕ್ಕನ್ನು ಉಲ್ಲಂಘಿಸಿದ್ದಷ್ಟೇ ಅಲ್ಲ, ಉಲ್ಲಂಘನೆಯನ್ನು ತಡೆಯುವಲ್ಲಿ ಸರಕಾರಿ ನೌಕರ ತೋರಿದ ನಿರ್ಲಕ್ಷ್ಯವೂ ಆಯೋಗದ ವಿಚಾರಣೆಗೆ ಬರುತ್ತದೆ. ಚರಂಡಿಯೊಳಗಿನ ಪೈಪನ್ನು ಕಂಡೂ ಬದಲಿಸದಿರುವುದು ಅಂಥ ನಿರ್ಲಕ್ಷ್ಯವಲ್ಲದೆ ಮತ್ತೇನು?

ನೊಂದವರು ಅಥವಾ ಅವರ ಪರವಾಗಿ ಯಾರಾದರೂ ದೂರು ಕೊಡಬಹುದು. ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಕನ್ನಡದಲ್ಲಿ ಬರೆಯಬಹುದು, ರಾಷ್ಟ್ರೀಯ ಆಯೋಗವೂ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ದೂರು ಸ್ವೀಕರಿಸುತ್ತದೆ. ಪತ್ರಿಕೆಯ ಸುದ್ದಿಯನ್ನು ನೋಡಿ ಆಯೋಗ ತಾನೇ ಪ್ರಕರಣ ಕೈಗೆತ್ತಿಕೊಳ್ಳಲೂಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ವಿಚಾರಣೆಯ ನಂತರ ಪರಿಹಾರ ಕೊಡಲು, ತಪ್ಪಿತಸ್ಥರ ಮೇಲೆ ಕ್ರಮ ಜರುಗಿಸಲು ಶಿಫಾರಸು ಮಾಡಬಹುದು. ವಿಚಾರಣೆಯ ನಡುವೆಯೇ ತಕ್ಷಣದ ಪರಿಹಾರವನ್ನು ಸೂಚಿಸಬಹುದು. ಅಗತ್ಯವೆನಿಸಿದರೆ ಹೈಕೋರ್ಟಿನ ಮೊರೆ ಹೋಗಬಹುದು.

ಇತಿಮಿತಿಗಳನ್ನೂ ಮುಚ್ಚಿಡಬಾರದು. ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಿಸುವಂತಿಲ್ಲ. ಒಂದೇ ವಿಷಯ ಬೇರೊಂದು ಆಯೋಗದ ಮುಂದಿದ್ದರೆ ಇನ್ನೊಂದು ಆಯೋಗ ಅದನ್ನು ಮುಟ್ಟುವುದಿಲ್ಲ. ಆದುದರಿಂದ ಬೆಂಗಳೂರಿಗೂ ದೆಹಲಿಗೂ ಏಕಕಾಲಕ್ಕೆ ಕಳುಹಿಸುವುದು ಜಾಣತನವಲ್ಲ. ಹೆಸರಿಲ್ಲದ ಅರ್ಜಿ, ಆಸ್ತಿಯ ವ್ಯಾಜ್ಯ, ನೌಕರಿಯ ಸೇವಾವಿಷಯ, ನ್ಯಾಯಾಲಯದ ಮುಂದಿರುವ ವಿಷಯಗಳು ಸಾಮಾನ್ಯವಾಗಿ ತಿರಸ್ಕೃತವಾಗುತ್ತವೆ. ಆಯೋಗ ಕೊಡುವುದು ಆಜ್ಞೆಯಲ್ಲ, ಶಿಫಾರಸು ಎಂಬ ಕಾರಣಕ್ಕೆ ಅಧಿಕಾರಿಗಳು ಅದನ್ನು ಹಗುರವಾಗಿ ಕಾಣುವುದೂ ಉಂಟು. 2021ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠವು ರಾಜ್ಯ ಆಯೋಗದ ಶಿಫಾರಸು ಸರಕಾರವನ್ನು ಕಟ್ಟಿಹಾಕುತ್ತದೆಂದು ತೀರ್ಪಿತ್ತಿತು. ಅದು ನಮ್ಮ ರಾಜ್ಯದ ತೀರ್ಪಲ್ಲದಿದ್ದರೂ ದಿಕ್ಕನ್ನು ತೋರಿಸುತ್ತದೆ.

ಕಾಸರಗೋಡಿನ ಉದಾಹರಣೆ

ಶಿಫಾರಸಿನಿಂದ ಏನಾದೀತು ಎಂದು ಕೇಳುವವರು ಕಾಸರಗೋಡಿನ ಕನ್ನಡಿಗರ ಕಡೆ ನೋಡಬೇಕು. ಅಲ್ಲಿಯ ಸರಕಾರಿ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ ಮೊದಲಾದ ಊರುಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಅರ್ಬುದ ರೋಗಗಳು ಮನೆಮನೆಯಲ್ಲಿ ಕಾಣಿಸಿಕೊಂಡವು. ಊರಿನ ವೈದ್ಯರಾದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬಂದ ರೋಗಿಗಳ ವಿವರವನ್ನು ಗಮನಿಸಿ ಬರೆದಿಟ್ಟರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಲೋಕಕ್ಕೆ ತಿಳಿಸಿದರು.

ಈ ವಿಷಯದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2010ರ ಡಿಸೆಂಬರಿನಲ್ಲಿ, ಮೃತರ ವಾರಸುದಾರರಿಗೂ ಸಂಪೂರ್ಣ ಹಾಸಿಗೆ ಹಿಡಿದವರಿಗೂ ಕನಿಷ್ಠ 5 ಲಕ್ಷ ರೂಪಾಯಿ, ಇತರ ವೈಕಲ್ಯಗಳಿರುವವರಿಗೆ 3 ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ಹಣ ಕೂಡಲೇ ಎಲ್ಲರ ಕೈಗೆ ಬರಲಿಲ್ಲ. ಆದರೆ ಆ ಶಿಫಾರಸು ಜನರ ಕೈಯಲ್ಲಿ ಒಂದು ಆಧಾರವಾಗಿ ಉಳಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಅದೂ ವಿಳಂಬವಾದಾಗ 2022ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿಯ ಮೇಲೆ ಸರಕಾರವನ್ನು ಕಟುವಾಗಿ ಪ್ರಶ್ನಿಸಿತು. ಆಯೋಗದ ಒಂದು ಶಿಫಾರಸು ಮುಂದಿನ ಹೋರಾಟದ ಮೆಟ್ಟಿಲಾಗುವ ಬಗೆ ಇದು. ಆ ಮೆಟ್ಟಿಲನ್ನು ಕಟ್ಟಿದ ಮೊದಲ ಕಲ್ಲು ವೈದ್ಯರೊಬ್ಬರು ಬರೆದಿಟ್ಟ ರೋಗಿಗಳ ವಿವರ ಎಂಬುದನ್ನು ಮರೆಯಬಾರದು.

ದೇವದುರ್ಗದ ಮಕ್ಕಳು

ನಮ್ಮ ಜಿಲ್ಲೆಯ ಅನುಭವವೂ ಇದಕ್ಕೆ ಹೊರತಲ್ಲ. 2011ರಲ್ಲಿ ರಾಯಚೂರು ಜಿಲ್ಲೆಯಲ್ಲಿ, ವಿಶೇಷವಾಗಿ ದೇವದುರ್ಗ ಭಾಗದಲ್ಲಿ, ಅಪೌಷ್ಟಿಕತೆಯಿಂದ ಮಕ್ಕಳು ಸಾಯುತ್ತಿರುವ ಸುದ್ದಿ ನಾಡಿನ ಮುಂದೆ ಬಂದಿತು. ಎಲುಬು ಕಾಣುವ ಮಕ್ಕಳ ಚಿತ್ರಗಳು ದೂರದರ್ಶನದಲ್ಲಿ ಬಂದಾಗ ನಾವೆಲ್ಲರೂ ತಲೆತಗ್ಗಿಸಿದೆವು. ವಿಷಯ ಹೈಕೋರ್ಟಿನ ಮುಂದೆ ಬಂದು, 2012ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಮಕ್ಕಳ ಹಸಿವು ಅಧಿಕಾರಿಗಳ ಮರ್ಜಿಯ ವಿಷಯವಾಗಿ ಉಳಿಯದೆ ನ್ಯಾಯಪೀಠಕ್ಕೆ ಲೆಕ್ಕ ಒಪ್ಪಿಸಬೇಕಾದ ವಿಷಯವಾಯಿತು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮ ಬಂದು, ಗರ್ಭಿಣಿಯರಿಗೆ, ಬಾಣಂತಿಯರಿಗೆ, ಆರು ತಿಂಗಳು ತುಂಬಿದ ಮಗುವಿನಿಂದ ಶಾಲಾ ಮಕ್ಕಳವರೆಗೆ ಊಟವನ್ನು ಕಾನೂನಿನ ಹಕ್ಕಾಗಿ ಮಾಡಿತು. ಅಪೌಷ್ಟಿಕ ಮಕ್ಕಳನ್ನು ಗುರುತಿಸಿ ಅವರಿಗೆ ಊಟ ಕೊಡುವ ಹೊಣೆಯನ್ನು ಅಂಗನವಾಡಿಯ ಮೂಲಕ ಸರಕಾರದ ಮೇಲೆಯೇ ಹೊರಿಸಿತು. ಈ ಹಕ್ಕುಗಳು ತಪ್ಪಿದರೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ, ಅಲ್ಲಿ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಹೋಗುವ ದಾರಿಯನ್ನೂ ಆ ಅಧಿನಿಯಮವೇ ತೆರೆದಿದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಇರಲಾರೆವು. 2021ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿದಂತೆ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡಲು ಸರಕಾರ ಮುಂದಾದಾಗ ಹಲವು ಮಠಾಧೀಶರು, ಅವರಲ್ಲಿ ಲಿಂಗಾಯತ ಮಠಗಳವರೂ, ವಿರೋಧಿಸಿದರು. ಸಸ್ಯಾಹಾರದ ವಿಷಯದಲ್ಲಿ ನಮ್ಮ ಪರಂಪರೆಯ ನಿಷ್ಠೆ ನಮಗೆ ಪ್ರಿಯವಾದುದೇ. ನಮ್ಮ ಮನೆಯ ಮಕ್ಕಳ ತಟ್ಟೆಯ ಬಗ್ಗೆ ನಾವು ಮಾತನಾಡಬಹುದು. ಆದರೆ ಹತ್ತು ವರ್ಷಗಳ ಹಿಂದೆ ದೇವದುರ್ಗದಲ್ಲಿ ತೂಕವಿಲ್ಲದೆ ಸತ್ತ ಮಕ್ಕಳ ಬಗ್ಗೆ ಅಷ್ಟೇ ಗಟ್ಟಿಯಾಗಿ ಮಾತನಾಡಿದ ಮಠಗಳೆಷ್ಟು ಎಂಬ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕಾಗಿದೆ. ಕಾನೂನು ಕೊಟ್ಟ ಊಟ ತಟ್ಟೆಗೆ ಬಂದಿತೇ ಇಲ್ಲವೇ ಎಂಬುದನ್ನು ವಿಚಾರಿಸದವರ ಬಾಯಲ್ಲಿ, ಆ ತಟ್ಟೆಯಲ್ಲಿ ಏನಿರಬಾರದೆಂಬ ಮಾತಿಗೆ ತೂಕ ಬರುವುದಿಲ್ಲ.

ಯಾವುದು ದೂರು, ಯಾವುದು ಬೇಡಿಕೆ

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ 13ರಂದು ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿತು. ಅದು ನ್ಯಾಯವಾದ ಬೇಡಿಕೆ. ನಮ್ಮ ಸಮಾಜದ ಅನೇಕರು ಅದರಲ್ಲಿ ಕುಳಿತಿದ್ದಾರೆ. ಆದರೆ ಯಾವ ಊರಿಗೆ ಯಾವ ಸಂಸ್ಥೆ ಬರಬೇಕೆಂಬುದನ್ನು ಆಯೋಗ ತೀರ್ಮಾನಿಸಲಾರದು. ಅದಕ್ಕೆ ಹೋರಾಟವೇ ದಾರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾವಿನ ಕಡಿತದ ಔಷಧವಿಲ್ಲದೆ ಒಬ್ಬ ರೈತ ಸತ್ತನೆಂದರೆ, ಆಂಬುಲೆನ್ಸ್ ಬಾರದೆ ಟಂಟಂನಲ್ಲಿ ಹೆರಿಗೆಯಾಯಿತೆಂದರೆ, ಆರು ತಿಂಗಳಿಂದ ಅಂಗನವಾಡಿಗೆ ಆಹಾರಧಾನ್ಯ ಬಂದಿಲ್ಲವೆಂದರೆ, ಅದು ಆಯೋಗದ ಮುಂದಿಡಬಹುದಾದ ದೂರು. ವ್ಯಕ್ತಿ, ದಿನ, ಸ್ಥಳ, ಕರ್ತವ್ಯ, ಲೋಪ ಇವೈದೂ ಅಲ್ಲಿ ಸ್ಪಷ್ಟವಾಗಿವೆ. ಕಾಲುವೆಯ ಕೊನೆಯಂಚಿಗೆ ನೀರು ಬಂದಿಲ್ಲವೆಂಬ ಮಾನ್ವಿಯ ರೈತರ ಬಹುಕಾಲದ ಗೋಳು ಒಟ್ಟಾರೆಯಾಗಿ ಬೇಡಿಕೆ. ಅದೇ ಕಾಲುವೆಯಿಂದ ಕೆರೆ ತುಂಬಿಸದೆ ಒಂದು ಊರು ವಾರಗಟ್ಟಲೆ ಕುಡಿಯುವ ನೀರಿಲ್ಲದೆ ಇದ್ದರೆ ಅದು ದೂರು.

ದೂರನ್ನು ಕಟ್ಟುವ ಬಗೆ

ಮೊದಲನೆಯದು, ದಾಖಲೆ. ನೀರು ಕೆಟ್ಟಿದೆ ಎನಿಸಿದ ದಿನವೇ ಮಾದರಿಯನ್ನು ಗ್ರಾಮ ಪಂಚಾಯತಿಯ ಮೂಲಕ ಪರೀಕ್ಷೆಗೆ ಕಳುಹಿಸಲು ಲಿಖಿತವಾಗಿ ಕೇಳಿರಿ. ಟ್ಯಾಂಕು, ಪೈಪು, ಚರಂಡಿಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿರಿ. ಕಾಯಿಲೆಯಾದವರ ಆಸ್ಪತ್ರೆಯ ಚೀಟಿ, ಗರ್ಭಿಣಿಯ ತಾಯಿ ಕಾರ್ಡು, ಮಗುವಿನ ತೂಕದ ಪಟ್ಟಿ, ಪಡಿತರ ಚೀಟಿ, ಇವುಗಳ ನಕಲು ಮಾಡಿಸಿರಿ. ಮೂಲ ಪ್ರತಿಯನ್ನು ಯಾರಿಗೂ ಕೊಡಬೇಡಿರಿ.

ಎರಡನೆಯದು, ಸ್ಥಳೀಯ ಅಧಿಕಾರಿಗೆ ಬರೆದ ದೂರು. ಪಿಡಿಒ, ತಹಸೀಲ್ದಾರ್, ತಾಲ್ಲೂಕು ಆರೋಗ್ಯಾಧಿಕಾರಿ, ಯಾರ ಕರ್ತವ್ಯವೋ ಅವರಿಗೆ ಬರೆದು, ಎರಡನೆಯ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕದೊಡನೆ ಸ್ವೀಕೃತಿ ಪಡೆಯಿರಿ. ಉತ್ತರ ಬಂದರೆ ಆ ಹಿಂಬರಹವೇ ಸಾಕ್ಷ್ಯ. ಬಾರದಿದ್ದರೆ ಆ ಮೌನವೇ ಸಾಕ್ಷ್ಯ. ಟ್ಯಾಂಕನ್ನು ಕೊನೆಯ ಸಲ ಯಾವಾಗ ತೊಳೆಯಲಾಯಿತು, ನೀರಿನ ಪರೀಕ್ಷೆಯ ವರದಿ ಏನಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಬಡತನ ರೇಖೆಯ ಕೆಳಗಿನವರಿಗೆ ಅದಕ್ಕೆ ಶುಲ್ಕವೂ ಇಲ್ಲ.

ಮೂರನೆಯದು, ಬರವಣಿಗೆ. ನಮ್ಮ ಊರಿನ ಜನ ಬಹಳ ಕಷ್ಟದಲ್ಲಿದ್ದಾರೆ, ದಯಮಾಡಿ ನೀರಿನ ವ್ಯವಸ್ಥೆ ಮಾಡಿಸಿಕೊಡಬೇಕೆಂದು ಪ್ರಾರ್ಥನೆ ಎಂದು ಬರೆದರೆ ಅದು ಮನವಿ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇಂಥ ಓಣಿಯ ಇಷ್ಟು ಮನೆಗಳಿಗೆ ಕಲುಷಿತ ನೀರು ಬಂದಿದೆ, ಇಷ್ಟು ಜನ ಆಸ್ಪತ್ರೆ ಸೇರಿದ್ದಾರೆ, ಇಂಥ ದಿನ ಲಿಖಿತವಾಗಿ ತಿಳಿಸಿದರೂ ಕ್ರಮವಾಗಿಲ್ಲ, ಆದುದರಿಂದ ವಿಚಾರಣೆ ನಡೆಸಿ ಶುದ್ಧ ನೀರು ಒದಗಿಸಲು, ಚಿಕಿತ್ಸೆಯ ವೆಚ್ಚ ಭರಿಸಲು ಶಿಫಾರಸು ಮಾಡಬೇಕು ಎಂದು ಬರೆದರೆ ಅದು ದೂರು. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ಬೈಗುಳ ಬೇಡ, ರಾಜಕಾರಣ ಬೇಡ.

ನಾಲ್ಕನೆಯದು, ನೆರವು. ದೇವದುರ್ಗ, ಮಾನ್ವಿಗಳ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಅಂಗವಿಕಲರಿಗೆ ಉಚಿತ ಕಾನೂನು ನೆರವು ಅವರ ಹಕ್ಕು. ಆಯೋಗದಿಂದ ಆಗದ ಕೆಲಸಕ್ಕೆ ಕಲಬುರಗಿಯಲ್ಲಿ ಹೈಕೋರ್ಟಿನ ಪೀಠವೇ ಇದೆ. ಬೆಂಗಳೂರಿಗೆ ಅಲೆಯಬೇಕಾದ ಕಾಲ ಹೋಯಿತು.

ನಮ್ಮವರ ಮೇಲೆಯೇ ದೂರು ಬಂದರೆ

ಇನ್ನು ಕಷ್ಟದ ಮಾತು. ಗ್ರಾಮ ಪಂಚಾಯತಿಯ ಅಧ್ಯಕ್ಷರು, ನೀರಿನ ಕಾಮಗಾರಿಯ ಗುತ್ತಿಗೆದಾರರು, ನ್ಯಾಯಬೆಲೆ ಅಂಗಡಿಯ ಮಾಲೀಕರು, ಇಲಾಖೆಯ ಅಧಿಕಾರಿಗಳು, ಇವರಲ್ಲಿ ಅನೇಕರು ಶ್ರೀಮಠದ ಭಕ್ತರು. ಜಾತ್ರೆಗೆ ಅಕ್ಕಿಯ ಚೀಲ ತರುವವರು ಅವರೇ. ನೊಂದವರಾದರೋ ಬಹುಪಾಲು ಕೇರಿಯವರು, ತಾಂಡಾದವರು, ದೊಡ್ಡಿಯವರು. ಇಂಥಲ್ಲಿ ದೂರು ಎತ್ತಿದರೆ ಊರು ಒಡೆಯುತ್ತದೆ, ನಮ್ಮವರ ಮೇಲೆ ನಾವೇ ಬರೆಯುವುದೇ ಎಂಬ ಮಾತು ಬರುತ್ತದೆ. ಬಂದಿದೆ ಕೂಡ.

ಇದಕ್ಕೆ ನಮ್ಮ ಉತ್ತರವಿಷ್ಟೆ. ಕಾಯಕವೆಂದರೆ ವಹಿಸಿಕೊಂಡ ಕೆಲಸವನ್ನು ಶುದ್ಧವಾಗಿ ಮಾಡುವುದು. ನೀರು ಬಿಡುವ ನೀರಗಂಟಿಯಿಂದ ಬಿಲ್ಲಿಗೆ ಸಹಿ ಹಾಕುವ ಇಂಜಿನಿಯರಿನವರೆಗೆ ಅದು ಒಂದೇ. ಕಾಯಕದಲ್ಲಿ ತಪ್ಪಿದವರನ್ನು ಜಾತಿಯ ಕಾರಣದಿಂದ ಮುಚ್ಚಿಟ್ಟರೆ, ಬಸವಾದಿ ಶರಣರ ಹೆಸರು ಹೇಳುವ ಅರ್ಹತೆಯನ್ನು ನಾವು ಕಳೆದುಕೊಳ್ಳುತ್ತೇವೆ. ದೂರು ವ್ಯಕ್ತಿಯ ಮೇಲಿನ ದ್ವೇಷವಲ್ಲ. ನಮ್ಮ ಭಕ್ತರಾದ ಅಧಿಕಾರಿಗಳಲ್ಲಿಯೂ ನಾವು ಬೇಡಿಕೊಳ್ಳುವುದು ಇಷ್ಟೆ: ನಿಮ್ಮ ಮೇಜಿಗೆ ಬಂದ ದೂರನ್ನು ಅಪಮಾನವೆಂದು ತಿಳಿಯಬೇಡಿರಿ. ಸಕಾಲದಲ್ಲಿ ಬಂದ ಒಂದು ದೂರು ಒಂದು ಮಗುವಿನ ಜೀವವನ್ನು ಉಳಿಸಬಹುದು, ನಿಮ್ಮ ಹೆಸರನ್ನೂ ಉಳಿಸಬಹುದು.

ಶ್ರೀಮಠದ ಸಂಕಲ್ಪ

ಪೂಜ್ಯರ ಅಪ್ಪಣೆಯ ಮೇರೆಗೆ ಶ್ರೀಮಠದ ಕಾರ್ಯಾಲಯದಲ್ಲಿ ಇನ್ನು ಮುಂದೆ ಬಂದ ಪ್ರತಿಯೊಂದು ಮನವಿಯನ್ನೂ ಒಂದು ವಹಿಯಲ್ಲಿ ದಿನಾಂಕದೊಡನೆ ಬರೆದಿಡಲಾಗುವುದು. ಬಂದವರು ಯಾವ ಜಾತಿಯವರು, ಭಕ್ತರೋ ಅಲ್ಲವೋ ಎಂದು ಕೇಳಲಾಗುವುದಿಲ್ಲ. ವಾರಕ್ಕೊಮ್ಮೆ, ಸೋಮವಾರದ ಪ್ರಸಾದದ ನಂತರ, ಬರೆಯಲು ಬಾರದವರಿಗೆ ದೂರು ಬರೆದುಕೊಡಲು ನಿವೃತ್ತ ಶಿಕ್ಷಕರು ಹಾಗೂ ಯುವ ವಕೀಲರು ಕುಳಿತಿರುತ್ತಾರೆ. ಟ್ಯಾಂಕರ್ ನೀರನ್ನು ನಾವು ನಿಲ್ಲಿಸುವುದಿಲ್ಲ. ಬಾಯಾರಿದವರಿಗೆ ನೀರು ಕೊಡುವುದಕ್ಕೆ ಕಾನೂನಿನ ಅಪ್ಪಣೆ ಬೇಕಿಲ್ಲ. ಆದರೆ ಟ್ಯಾಂಕರಿನ ಜೊತೆಗೆ ಒಂದು ದೂರಿನ ಕಾಗದವೂ ಊರಿಗೆ ಹೋಗುತ್ತದೆ.

ನಮ್ಮ ಜಿಲ್ಲೆಯ ಅಮರೇಶ್ವರದವಳೆಂದು ಪ್ರಸಿದ್ಧಳಾದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಪತಿ ಮಾರಯ್ಯನವರು ಅಂದಿನ ಕಾಯಕಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಶರಣೆ ಆಕೆ. ತನ್ನ ಪಾಲು ಎಷ್ಟೆಂದು ಅಕ್ಕಿಯ ಕಾಳಿನ ಲೆಕ್ಕದಲ್ಲಿ ಆಕೆಗೆ ತಿಳಿದಿತ್ತು. ಪಾಲಿಗಿಂತ ಹೆಚ್ಚು ಬಂದಾಗ ಬೇಡವೆನ್ನಲು ಆ ತಾಯಿ ನಮಗೆ ಕಲಿಸಿದ್ದಾಳೆ. ಪಾಲಿಗಿಂತ ಕಡಿಮೆ ಬಂದಾಗ, ಅದೂ ಹಸಿದ ಮಗುವಿನ ಪಾಲು ಕಡಿಮೆಯಾದಾಗ, ಎಲ್ಲಿ ಹೋಯಿತೆಂದು ಕೇಳುವುದೂ ಆ ಲೆಕ್ಕದೊಳಗೇ ಸೇರಿದೆ.

ನಿಮ್ಮ ಊರಿನಲ್ಲಿ ಇಂಥ ಲೋಪವಿದ್ದರೆ ಕಾಗದ ಪತ್ರಗಳೊಡನೆ ಶ್ರೀಮಠಕ್ಕೆ ಬನ್ನಿರಿ. ವರ್ಷ ತುಂಬುವವರೆಗೆ ಕಾಯಬೇಡಿರಿ.



ಕಾರ್ಯದರ್ಶಿ, ಶ್ರೀಮಠ